ಜ್ವರಕ್ಕೆ ಮುಂಚಿನ ಒಂದು ದಿನ

ಇನ್‌ಫ್ಲುಯೆಂಜಾ ಬೆಂಗಳೂರಿನಲ್ಲಿ ಮಳೆಗಾಲದಲ್ಲೊಮ್ಮೆ, ಚಳಿ ಇಳಿಯುವ ಹೊತ್ತಿಗೆ ಇನ್ನೊಮ್ಮೆ ಹೆಚ್ಚುವ ಜ್ವರವಾಗಿದ್ದು, ಆ ದಿನಗಳಲ್ಲಿ ಚಂದ್ರಾ ಲೇಔಟ್, ಅತ್ತಿಗುಪ್ಪೆಯಂಥ ಬಡಾವಣೆಗಳ ನರ್ಸಿಂಗ್ ಹೋಮ್‌ಗಳಲ್ಲಿ ಕೆಮ್ಮುವವರೂ ಕಾಲು ಮುರಿದುಕೊಂಡವರೂ ಒಂದೇ ಬೆಂಚಿನಲ್ಲಿ ಕೂತು ಸರದಿಗೆ ಕಾಯುತ್ತಾರೆ. ಬೇರೆ ಕಾಯಿಲೆಗೆಂದು ದಾಖಲಾದವರಿಗೆ ಆಸ್ಪತ್ರೆಯೊಳಗೇ ತಗಲುವ ಸೋಂಕನ್ನು ಆಸ್ಪತ್ರೆಜನ್ಯ ಸೋಂಕು ಎನ್ನಲಾಗುತ್ತದೆ; ವೈರಾಣು ದೇಹ ಹೊಕ್ಕು ಲಕ್ಷಣ ತೋರುವವರೆಗಿನ ಹುದುಗುಕಾಲ ಈ ರೋಗದಲ್ಲಿ 1ರಿಂದ 4 ದಿನವಷ್ಟೇ ಆದ್ದರಿಂದ, ಅಡ್ಮಿಟ್ ಆಗಿ ಮೂರು ದಿನ ದಾಟಿದ ಮೇಲೆ ಜ್ವರ ಬಂದರೆ ವೈದ್ಯರ ಅನುಮಾನ ವಾರ್ಡಿನ ಕಡೆಗೇ ಹೆಚ್ಚು ವಾಲುತ್ತದೆ.

ಜ್ವರ ಬಂದ ಸಿಬ್ಬಂದಿ ರಜೆ ಹಾಕಿದರೆ ಸಾಕೆಂಬ ಎಣಿಕೆ ಇಲ್ಲಿ ಪೂರ್ತಿ ಫಲಿಸುವುದಿಲ್ಲ, ಏಕೆಂದರೆ ಲಕ್ಷಣ ಕಾಣುವ ಸುಮಾರು ಒಂದು ದಿನ ಮೊದಲೇ ವೈರಾಣು ಉಸಿರಿನೊಡನೆ ಹೊರಬೀಳತೊಡಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ನಾಲ್ಕು ಆಸ್ಪತ್ರೆಗಳಲ್ಲಿ 1993–94ರ ಚಳಿಗಾಲದಲ್ಲಿ 518 ಸಿಬ್ಬಂದಿಯ ರಕ್ತ ಪರೀಕ್ಷಿಸಿದಾಗ ಶೇ 23ರಷ್ಟು ಮಂದಿಗೆ ಸೋಂಕು ತಗಲಿದ್ದ ಕುರುಹು ಸಿಕ್ಕಿತು. ಅವರಲ್ಲಿ ಶೇ 59ರಷ್ಟು ಮಂದಿಗೆ ತಮಗೆ ಫ್ಲೂ ಬಂದಿದ್ದ ನೆನಪೇ ಇರಲಿಲ್ಲ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ ಬೀಳುವ ಸಣ್ಣ ಆಸ್ಪತ್ರೆಯಲ್ಲಂತೂ, ಮೈ ಬೆಚ್ಚಗಿದ್ದರೂ ಒಂದು ಡೋಲೋ ನುಂಗಿ ಕೆಲಸಕ್ಕೆ ಬರುವುದು ಕರ್ತವ್ಯನಿಷ್ಠೆ ಎನಿಸಿಕೊಳ್ಳುತ್ತದೆ. ಮಾತ್ರೆ ಮೈಬಿಸಿಯನ್ನು ಇಳಿಸುತ್ತದೆಯೇ ಹೊರತು ವೈರಾಣುವನ್ನು ತಡೆಯುವುದಿಲ್ಲ.

ಮಂಚದ ಸ್ಟೀಲ್ ಕಂಬಿಯ ಮೇಲೆ 24ರಿಂದ 48 ಗಂಟೆ ಉಳಿಯಬಲ್ಲ ಈ ವೈರಾಣು ಕೈಯ ಮೇಲೆ ಕೆಲವೇ ನಿಮಿಷ ಬದುಕುವುದಾದರೂ, ಒಂದು ಹಾಸಿಗೆಯ ಕಂಬಿ ಮುಟ್ಟಿ ಪಕ್ಕದ ಹಾಸಿಗೆಯ ಡ್ರಿಪ್ ಸರಿಪಡಿಸಲು ಸಿಸ್ಟರ್‌ಗೆ ಅಷ್ಟು ಹೊತ್ತೂ ಬೇಕಿಲ್ಲ. ರಾಜ್ಯದಲ್ಲಿ ಎಚ್‌3ಎನ್‌2 ಬಗೆಯ ಇನ್‌ಫ್ಲುಯೆಂಜಾ ಪ್ರಕರಣಗಳು ಹೆಚ್ಚಿದ್ದ 2023ರ ಮಾರ್ಚ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಅವರು ಆಸ್ಪತ್ರೆ ಸಿಬ್ಬಂದಿ ಮಾಸ್ಕ್ ಧರಿಸಲೇಬೇಕೆಂದು ಸೂಚಿಸಿದ್ದು ಲಕ್ಷಣಕ್ಕೆ ಮೊದಲೇ ಉಸಿರಿನೊಡನೆ ಹೊರಬೀಳುವ ವೈರಾಣುವನ್ನು ತಡೆಯುವ ದೃಷ್ಟಿಯಿಂದ ಸರಿಯಾಗಿತ್ತು, ಗದ್ದಕ್ಕೆ ಇಳಿದ ಮಾಸ್ಕನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕಾಗುತ್ತದೆ, ಅದು ಕೆಲಸ ಮಾಡಲು ಸುಮಾರು ಎರಡು ವಾರ ಹಿಡಿಯುತ್ತದೆ. ಡಾಕ್ಟರು, ಸಿಸ್ಟರುಗಳಿಗೆ ಚುಚ್ಚಿ, ಗುತ್ತಿಗೆಯ ಮೇಲೆ ನೆಲ ಒರೆಸುವ ಆಯಾಳನ್ನು ಬಿಟ್ಟರೆ, ಎಲ್ಲರಿಗಿಂತ ಹೆಚ್ಚು ವಾರ್ಡು ಸುತ್ತುವವಳೇ ಹೊರಗುಳಿದಂತಾಗುತ್ತದೆ. ಇನ್ನು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಮಗ, ಮಧ್ಯಾಹ್ನ ಟಿಫನ್ ಕ್ಯಾರಿಯರ್ ಹಿಡಿದು ಬರುವ ಸೊಸೆ, ಇವರ ಹೆಸರು ಯಾವ ಡ್ಯೂಟಿ ಪಟ್ಟಿಯಲ್ಲೂ ಇರುವುದಿಲ್ಲ.