ಹಾಜರಿಯೂ ಕಲಿಕೆಯೂ



ಕನ್ನಡ ಅಧ್ಯಾಪಕನಾಗಿದ್ದವನಿಗೆ ಎಂಜಿನಿಯರುಗಳ ಸಮ್ಮೇಳನದಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ಅಮೆರಿಕದ ಟೆಕ್ಸಾಸಿನಲ್ಲಿರುವ ಮಗನ ಜೊತೆ ಅತಿಥಿಯಾಗಿ ಹೋಗಿದ್ದೆ. ಅಲ್ಲಿ ಪರವಾನಗಿ ಪಡೆದ ಎಂಜಿನಿಯರು ವರ್ಷಕ್ಕೆ 15 ಗಂಟೆಗಳ ಕಲಿಕೆಯನ್ನು ತೋರಿಸಬೇಕು. ಅದರಲ್ಲಿ ಒಂದು ಗಂಟೆಯಾದರೂ ವೃತ್ತಿನೀತಿಗೆ ಮೀಸಲು. ಸಮ್ಮೇಳನದ ಉಪನ್ಯಾಸಗಳೂ ಈ ಲೆಕ್ಕಕ್ಕೆ ಸಲ್ಲುತ್ತವೆ.

ಇಷ್ಟು ಕಟ್ಟುನಿಟ್ಟೇಕೆ? 1937ರ ಮಾರ್ಚ್ 18ರಂದು ಅದೇ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ಅನಿಲ ಸ್ಫೋಟಿಸಿ, ಮಕ್ಕಳೂ ಉಪಾಧ್ಯಾಯರೂ ಸೇರಿ ಸುಮಾರು 300 ಮಂದಿ ಮಡಿದರು. ಎಂಜಿನಿಯರಿಗೆ ಪರವಾನಗಿ ಬೇಕೆಂಬ ಕಾನೂನು ಅಲ್ಲಿ ಹುಟ್ಟಿದ್ದು ಆ ವರ್ಷ, ಆ ದುಃಖದಿಂದಲೇ.

ಮಧ್ಯಾಹ್ನದ ಉಪನ್ಯಾಸವೊಂದರಲ್ಲಿ ಫೋನು ಬಂತೆಂದು ಹೊರಗೆ ಹೋದ ಮಗ ಮುಗಿಯುವ ಹೊತ್ತಿಗೆ ಮರಳಿದ. ಬಾಗಿಲಲ್ಲಿ ಎಲ್ಲರಿಗೂ ಪ್ರಮಾಣಪತ್ರ ಹಂಚುತ್ತಿದ್ದರು. ಅವನು ಕೈಚಾಚಲಿಲ್ಲ.

“ಯಾರಿಗೆ ಗೊತ್ತಾಗುತ್ತದೆ?” ಎಂದೆ.

“ಲೆಕ್ಕ ಬರೆದಿಡುವವನು ನಾನೇ ಅಲ್ಲವೇ ಅಪ್ಪಾ?” ಎಂದ.

ನನಗೆ ನನ್ನ ಪುನಶ್ಚೇತನ ಶಿಬಿರ ನೆನಪಾಯಿತು. ಬಡ್ತಿಗೆ ಬೇಕಾಗಿದ್ದ ಮೂರು ವಾರಗಳ ಹಾಜರಿ. ಬೆಳಿಗ್ಗೆ ರುಜು ಹಾಕಿ, ಮಧ್ಯಾಹ್ನ ಪುಸ್ತಕದಂಗಡಿಗಳನ್ನು ಸುತ್ತುತ್ತಿದ್ದೆ. ಆ ಪ್ರಮಾಣಪತ್ರ ಈಗಲೂ ಬೀರುವಿನಲ್ಲಿದೆ. ಆ ಮಧ್ಯಾಹ್ನಗಳಲ್ಲಿ ಯಾರು ಏನು ಹೇಳಿದರೋ ನಾನರಿಯೆ. ಆಮೇಲೆ ಎಷ್ಟು ತರಗತಿಗಳಲ್ಲಿ ಹಳೆಯ ಟಿಪ್ಪಣಿಯನ್ನೇ ಓದಿದೆನೆಂಬುದನ್ನು ಮಾತ್ರ ಬಲ್ಲೆ. ನನ್ನ ತಪ್ಪಿನಿಂದ ಯಾವ ಕಟ್ಟಡವೂ ಕುಸಿಯಲಿಲ್ಲ, ನಿಜ. ಎದುರಿಗೆ ಕುಳಿತಿದ್ದ ಮಕ್ಕಳು ಕಳೆದುಕೊಂಡದ್ದನ್ನು ಮಾತ್ರ ಯಾರೂ ಲೆಕ್ಕವಿಡಲಿಲ್ಲ.