ತೊಟ್ಟಿಯೊಳಗಿನ ಮೋಡ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳು ಎಂದು ಸಮಿತಿಯವರು ಕೇಳಿದರು. ನಾನು ಬಿ.ಇ. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಒಂದು ಚಿತ್ರವನ್ನು ಇನ್ನೊಂದರ ಜೊತೆ ಹೋಲಿಸಿ, ಎಲ್ಲಿ ಏನು ಬದಲಾಗಿದೆ ಎಂದು ಹುಡುಕುವ ಪ್ರೋಗ್ರಾಂ ಬರೆಯುತ್ತೇನೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಆದರೆ ಅದೇ ವಿದ್ಯೆಯಿಂದ ನಡೆಯುವ ಇನ್ನೊಂದು ಕೆಲಸವಿದೆ. ಬೆಂಗಳೂರಿನಲ್ಲಿ ಕೆಲವು ವಿಜ್ಞಾನಿಗಳು ಗಾಜಿನ ತೊಟ್ಟಿಯ ನೀರಿನೊಳಗೆ ಮೋಡ ಬೆಳೆಸಿದರು. ಮಳೆಯನ್ನೇ ನಂಬಿರುವ ನಮ್ಮ ಜಿಲ್ಲೆಯವರು ಅದನ್ನು ತಿಳಿದಿರಬೇಕು ಅನ್ನಿಸಿ ಅದನ್ನೇ ಆರಿಸಿಕೊಂಡೆ.

ಮಕ್ಕಳೇ, ಮನೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದು ಊದುಬತ್ತಿ ಹಚ್ಚಿಡಿ. ಹೊಗೆ ಮೊದಲು ದಾರದ ಹಾಗೆ ನೆಟ್ಟಗೆ ಏಳುತ್ತದೆ. ಸ್ವಲ್ಪ ಮೇಲೆ ಹೋದಂತೆ ಅಲುಗಾಡುತ್ತದೆ, ಸುರುಳಿ ಸುತ್ತುತ್ತದೆ, ಆಮೇಲೆ ಚೆಲ್ಲಾಪಿಲ್ಲಿ. ಕೆಳಗಿನ ನೆಟ್ಟನೆಯ ಹರಿವನ್ನು ಲೆಕ್ಕ ಹಾಕುವುದು ಸುಲಭ. ಮೇಲಿನ ಚೆಲ್ಲಾಪಿಲ್ಲಿಗೆ ಪ್ರಕ್ಷುಬ್ಧ ಪ್ರವಾಹ ಎಂದು ಹೆಸರು. ಅದರಲ್ಲಿ ದೊಡ್ಡ ಸುಳಿಯೊಳಗೆ ಸಣ್ಣ ಸುಳಿ, ಅದರೊಳಗೆ ಇನ್ನೂ ಸಣ್ಣದು. ಒಂದು ಸಲ ಕಂಡ ಆಕಾರ ಮತ್ತೊಂದು ಸಲ ಹಾಗೆಯೇ ಬರುವುದಿಲ್ಲ. ಇದರ ಸಮೀಕರಣಗಳು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಗೊತ್ತಿವೆ, ಪೂರ್ತಿ ಬಿಡಿಸಿದವರು ಇಲ್ಲ.

1883ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಒಂದು ಎಳೆ ಬಿಟ್ಟರು. ನಿಧಾನವಾಗಿ ಹರಿದಾಗ ಎಳೆ ಎಳೆಯಾಗಿಯೇ ಉಳಿಯಿತು. ವೇಗ ಹೆಚ್ಚಿಸಿದಾಗ ಒಂದು ಹಂತದಲ್ಲಿ ಒಡೆದು ಇಡೀ ಕೊಳವೆ ತುಂಬಿತು. ನೀರಿನಲ್ಲಿ ಸುಳಿ ಮೊದಲೂ ಇತ್ತು, ಬಣ್ಣ ಹಾಕಿದ ಮೇಲೆ ಕಣ್ಣಿಗೆ ಬಿತ್ತು. ಈ ಶಾಸ್ತ್ರದಲ್ಲಿ ಇವತ್ತಿಗೂ ಅರ್ಧ ಕೆಲಸ ಅದೇ, ಕಾಣದ್ದನ್ನು ಕಾಣಿಸುವುದು.

ನಮ್ಮ ಕಡೆಯವರಿಗೆ ಸುಳಿಯನ್ನು ಹೊಸದಾಗಿ ತೋರಿಸಬೇಕಾಗಿಲ್ಲ. ಕೆಜಿಎಫ್‌ನಲ್ಲಿ ಆಷಾಢದ ಗಾಳಿಗೆ ಸೈನೈಡ್ ಗುಡ್ಡದಿಂದ ಏಳುವ ಧೂಳನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಗಣಿಯ ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗುಡ್ಡಗಳು ಉಳಿದವು. ಧೂಳು ಒಂದೇ ಸಮನೆ ಏಳುವುದಿಲ್ಲ, ಗಮನಿಸಿ. ಸ್ವಲ್ಪ ಹೊತ್ತು ಏನೂ ಇರುವುದಿಲ್ಲ, ಇದ್ದಕ್ಕಿದ್ದಂತೆ ಒಂದು ಕಡೆ ಗಾಳಿ ನೆಲಕ್ಕೆ ಎರಗಿ ಹಿಡಿ ಹಿಡಿಯಾಗಿ ಬಾಚಿಕೊಂಡು ಹೋಗುತ್ತದೆ. ದಿನದ ಸರಾಸರಿ ಗಾಳಿ ಇಷ್ಟು ಕಿಲೋಮೀಟರ್ ಎಂದು ಬರೆದಿಟ್ಟರೆ ಅದರಲ್ಲಿ ಈ ಎರಗುವಿಕೆ ಕಾಣುವುದೇ ಇಲ್ಲ. ಆದರೆ ಆಂಡರ್ಸನ್‌ಪೇಟೆ, ಉರಿಗಾಂ, ಚಾಂಪಿಯನ್ ರೀಫ್ ಕಡೆ ಒಣಹಾಕಿದ ಬಟ್ಟೆಯ ಮೇಲೆ, ಕೆಮ್ಮುವವರ ಎದೆಯೊಳಗೆ ಬಂದು ಕೂರುವುದು ಆ ಎರಗುವಿಕೆಯಿಂದಲೇ. ಗುಡ್ಡದ ಮೈಮೇಲೆ ಗಿಡಗಂಟಿ ಬೆಳೆದರೆ ನೆಲದ ಹತ್ತಿರದ ಗಾಳಿಯ ವೇಗ ಮುರಿಯುತ್ತದೆ, ಧೂಳು ಏಳುವುದು ತಗ್ಗುತ್ತದೆ.

ಹಾಗಂತ ಸುಳಿ ಬರೀ ಕೆಟ್ಟದ್ದಲ್ಲ. ಗಣಿಯಲ್ಲಿ ದುಡಿದ ತಾತಂದಿರು ಇಲ್ಲಿದ್ದಾರೆ, ತಪ್ಪಿದ್ದರೆ ತಿದ್ದಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮೀರಿದ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿಗೂ ಹೆಚ್ಚು. ಮೇಲಿನಿಂದ ತಂಪು ಗಾಳಿ ಕಳಿಸದೆ ಒಬ್ಬ ಮನುಷ್ಯ ಅಲ್ಲಿ ನಿಲ್ಲಲಾರ. ಆ ಗಾಳಿ ಸುಳಿಸುಳಿಯಾಗಿ ಹರಿದದ್ದರಿಂದಲೇ ಬಂಡೆಯ ಬಿಸಿಯನ್ನು, ಮದ್ದಿನ ಹೊಗೆಯನ್ನು ಬೇಗ ಕಲಸಿಕೊಂಡು ಹೊರಗೆ ಹೊತ್ತಿತು. ಪದರ ಪದರವಾಗಿ ಹರಿದಿದ್ದರೆ ಗೋಡೆಯ ಬಿಸಿ ಗೋಡೆಯ ಹತ್ತಿರವೇ ನಿಲ್ಲುತ್ತಿತ್ತು.

ಇನ್ನು ಬೆಂಗಳೂರಿನ ಕಥೆಗೆ ಬರುತ್ತೇನೆ. ಶ್ರೀಹರಿಕೋಟಾದ ರಾಕೆಟ್ ಕೇಂದ್ರಕ್ಕೆ ಸತೀಶ್ ಧವನ್ ಹೆಸರಿದೆಯಲ್ಲ, ಅವರು ಮೂಲತಃ ಹರಿವಿನ ಶಾಸ್ತ್ರದವರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿ 1951ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಅವರ ಶಿಷ್ಯರು ರೊದ್ದಂ ನರಸಿಂಹ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಓದಿದ್ದು ಮೆಕ್ಯಾನಿಕಲ್ ಬಿ.ಇ. (ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ, ಸಂಬಂಧ ಅಷ್ಟೇ.) ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬರೆದವರು. ಕನ್ನಡ ಮೀಡಿಯಂ ಎಂದು ಅಳುಕುವವರು ಆ ಮನೆಯನ್ನು ನೆನಪಿಟ್ಟುಕೊಳ್ಳಿ.

ಧವನ್ ಮತ್ತು ನರಸಿಂಹ 1958ರಲ್ಲಿ ಪ್ರಕಟಿಸಿದ ಲೇಖನ ಈ ಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಗಾಳಿಸುರಂಗದಲ್ಲಿ ಚಪ್ಪಟೆ ಹಲಗೆಯ ಮೇಲೆ ಗಾಳಿ ಹಾಯಿಸಿ, ನಯವಾದ ಹರಿವು ಪ್ರಕ್ಷುಬ್ಧವಾಗುವುದು ಹೇಗೆ ಎಂದು ಅಳೆದರು. ಅದು ಒಮ್ಮೆಗೇ ಎಲ್ಲ ಕಡೆ ಆಗುವುದಿಲ್ಲ. ಒಂದು ಕಿರಿದಾದ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆಯಂತೆ ಹುಟ್ಟಿ, ಮುಂದೆ ಸಾಗುತ್ತಾ ಹರಡಿ, ಒಂದಕ್ಕೊಂದು ಕೂಡಿಕೊಳ್ಳುತ್ತದೆ. ವಿಮಾನದ ರೆಕ್ಕೆ, ಟರ್ಬೈನಿನ ಅಲಗು ಮಾಡುವವರಿಗೆ ಇದು ಬೇಕೇಬೇಕು.

ಆಗ ಅಳೆಯುತ್ತಿದ್ದುದು ಒಂದು ಬಿಂದುವಿನಲ್ಲಿ, ಕೂದಲಿಗಿಂತ ತೆಳು ತಂತಿಯನ್ನು ಕಾಯಿಸಿ, ಗಾಳಿಗೆ ಅದು ಎಷ್ಟು ತಣ್ಣಗಾಗುತ್ತದೆ ಎಂದು ನೋಡಿ. ಈಗ ಇಡೀ ಹರಿವನ್ನೇ ಫೋಟೋ ತೆಗೆಯುತ್ತಾರೆ. ನೀರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಗಾಜಿನ ಕಣಗಳನ್ನು ಕಲಸುತ್ತಾರೆ. ಲೇಸರ್ ಬೆಳಕನ್ನು ಮಸೂರದಿಂದ ಹಾಳೆಯಂತೆ ತೆಳ್ಳಗೆ ಹರಡುತ್ತಾರೆ. ಆ ಹಾಳೆಯೊಳಗಿನ ಕಣಗಳು ಮಾತ್ರ ನಕ್ಷತ್ರದಂತೆ ಹೊಳೆಯುತ್ತವೆ. ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಅಂತರದಲ್ಲಿ ಎರಡು ಫೋಟೋ. ಮುಂದಿನದು ನನ್ನಂಥವರ ಕೆಲಸ. ಮೊದಲ ಫೋಟೋವನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ ಚುಕ್ಕಿಗಳ ಗುಂಪು ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಎಂದು ಕಂಪ್ಯೂಟರ್ ಹುಡುಕುತ್ತದೆ. ಸರಿದ ದೂರವನ್ನು ನಡುವಿನ ಸಮಯದಿಂದ ಭಾಗಿಸಿದರೆ ವೇಗ. ನಮ್ಮ ಮೇಷ್ಟ್ರು ಹಲಗೆಯ ಮೇಲೆ ಬರೆಸುತ್ತಿದ್ದ ಅದೇ ಸೂತ್ರ, ಒಂದು ಫೋಟೋಗೆ ಸಾವಿರಾರು ಸಲ. ಪರದೆಯ ತುಂಬ ಬಾಣದ ಗುರುತುಗಳು ಮೂಡುತ್ತವೆ, ಸುಳಿಗಳು ಎದ್ದು ಕಾಣುತ್ತವೆ.

ಇನ್ನು ಮೋಡ. ಬಿಸಿಯಾದ ಗಾಳಿ ಮೇಲೇರುವಾಗ ಸುತ್ತಲಿನ ಒಣಗಾಳಿಯನ್ನು ಸುಳಿಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಹೆಚ್ಚು ಎಳೆದುಕೊಂಡರೆ ತೇವ ತೆಳುವಾಗಿ ಮೋಡ ಅಲ್ಲೇ ಕರಗಬೇಕು. ಆದರೂ ಕೆಲವು ಮೋಡ ಹೂಕೋಸಿನಂತೆ ಕಿಲೋಮೀಟರ್‌ಗಟ್ಟಲೆ ಎತ್ತರ ಬೆಳೆದು ಮಳೆ ಸುರಿಸುತ್ತವೆ. ಏಕೆ? ಆವಿ ಹನಿಯಾಗುವಾಗ ಬಿಸಿ ಬಿಡುಗಡೆಯಾಗುತ್ತದೆ, ಮೋಡವನ್ನು ಒಳಗಿನಿಂದ ಕಾಯಿಸುತ್ತದೆ. ಇದು ಎಂಜಿನ್ ಇದ್ದ ಹಾಗೆ ಎಂದು ಗೊತ್ತಿತ್ತು. ಆದರೆ ಪ್ರಯೋಗಶಾಲೆಯಲ್ಲಿ ಅದನ್ನು ಮಾಡಿ ತೋರಿಸುವುದು ಹೇಗೆ?

ನರಸಿಂಹ ಮತ್ತು ಜಿ.ಎಸ್. ಭಟ್ ಕಂಡುಕೊಂಡ ಉಪಾಯ ಇದು. ತೊಟ್ಟಿಯಲ್ಲಿ ವಿದ್ಯುತ್ ಹರಿಯದಂಥ ಶುದ್ಧ ನೀರು. ಕೆಳಗಿನಿಂದ ಸ್ವಲ್ಪ ಆಮ್ಲ ಬೆರೆಸಿದ ನೀರಿನ ಚಿಲುಮೆ. ನಡುದಾರಿಯಲ್ಲಿ ತೆಳು ತಂತಿಗಳ ಬಲೆಗಳು. ಬಲೆಗಳಿಗೆ ವಿದ್ಯುತ್ ಕೊಟ್ಟರೆ ಆಮ್ಲವಿರುವ ಚಿಲುಮೆ ಮಾತ್ರ ಕಾಯುತ್ತದೆ, ಸುತ್ತಲಿನ ನೀರು ತಣ್ಣಗೇ ಇರುತ್ತದೆ. ಆವಿಯಿಲ್ಲ, ಹನಿಯಿಲ್ಲ, ಆದರೆ ಮೋಡಕ್ಕೆ ಸಿಗುವ ಬಿಸಿ ಅದೇ ರೀತಿ ಸಿಕ್ಕಿತು. ಬಣ್ಣ ಬೆರೆಸಿ, ಬೆಳಕಿನ ಹಾಳೆ ಹಾಯಿಸಿ ಚಿತ್ರ ತೆಗೆದರು. ಕಾಯಿಸದ ಚಿಲುಮೆ ಕೊಳವೆಯಂತೆ ಅಗಲವಾಗುತ್ತಾ ಹೋಗಿ ಸುತ್ತಲಿನ ನೀರನ್ನು ನುಂಗುತ್ತದೆ. ಕಾಯಿಸಿದ್ದರಲ್ಲಿ, ಹಾಗೆ ನುಂಗುವ ದೊಡ್ಡ ಸುಳಿಗಳ ಕಟ್ಟು ಒಡೆದುಹೋಗುತ್ತದೆ. ಹೊರಗಿನದು ಒಳಬರುವುದು ತಗ್ಗಿ, ನಡುಭಾಗ ಗಟ್ಟಿಯಾಗಿ ಉಳಿದು ಮೇಲೇರುತ್ತದೆ. ಭಟ್ ಅವರೊಂದಿಗಿನ ಲೇಖನ 1996ರದು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಈ ಕೆಲಸ ಬೆಳೆಯಿತು. ಬಿಸಿ ಎಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬುದನ್ನು ಬದಲಿಸಿ ಬೇರೆ ಬೇರೆ ಜಾತಿಯ ಮೋಡಗಳ ಆಕಾರವನ್ನೇ ತೊಟ್ಟಿಯಲ್ಲಿ ತಂದ ಲೇಖನ 2011ರಲ್ಲಿ ಬಂತು. ರೊದ್ದಂ ನರಸಿಂಹ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇದರಿಂದ ನಮಗೇನು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಇದೆ, ಬೇತಮಂಗಲದ ಕೆರೆಯಿದೆ, ಎರಡಕ್ಕೂ ಮೋಡವೇ ತಾಯಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆಲವು ಕೆರೆಗೆ ಬರುತ್ತಿದೆ. ಆದರೂ ರಾಗಿ ಬಿತ್ತುವವರು ನೋಡುವುದು ಆಕಾಶವನ್ನೇ. ಹವಾಮಾನದ ಕಂಪ್ಯೂಟರ್ ಲೆಕ್ಕದಲ್ಲಿ ಭೂಮಿಯನ್ನು ಚೌಕಗಳಾಗಿ ಹಂಚಿಕೊಳ್ಳುತ್ತಾರೆ. ಒಂದು ಚೌಕ ಎಷ್ಟೋ ಸಲ ಒಂದು ಹೋಬಳಿಯಷ್ಟು. ಮಳೆಯ ಮೋಡ ಅದಕ್ಕಿಂತ ಸಣ್ಣದು. ಬಂಗಾರಪೇಟೆಯಲ್ಲಿ ಸುರಿದು ಬೂದಿಕೋಟೆಯಲ್ಲಿ ಒಂದು ಹನಿಯೂ ಬೀಳದ ದಿನಗಳನ್ನು ನೀವೆಲ್ಲ ಕಂಡಿದ್ದೀರಿ. ಚೌಕದೊಳಗೆ ಮೋಡ ಎಷ್ಟು ಒಣಗಾಳಿ ನುಂಗುತ್ತದೆ ಎಂಬುದನ್ನು ಒಂದು ನಿಯಮ ಬರೆದು ಕೊಡಬೇಕಾಗುತ್ತದೆ. ಆ ನಿಯಮ ತಪ್ಪಿದರೆ ಮಳೆಯ ಲೆಕ್ಕ ತಪ್ಪುತ್ತದೆ. ತೊಟ್ಟಿಯ ಚಿತ್ರಗಳು ಆ ನಿಯಮವನ್ನು ತಿದ್ದುವ ದಾರಿ. ನಾಳೆಯ ಮಳೆಯನ್ನು ಇದು ಹೇಳಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಮುನ್ಸೂಚನೆ ತಪ್ಪಿದಾಗ ಬೈಯುವ ಮೊದಲು, ಎಷ್ಟು ಕಷ್ಟದ ಲೆಕ್ಕ ಅದು ಎಂದು ತಿಳಿದಿರಲಿ.

ಕೊನೆಗೆ ಒಂದು ಬೇಡಿಕೆ. ಮಹೋತ್ಸವದ ನಿಧಿಯಲ್ಲಿ ಹೆಬ್ಬಾಗಿಲಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ನನ್ನ ಪಾಲನ್ನೂ ಕೊಡುತ್ತೇನೆ. ಆದರೆ ಅದರಲ್ಲಿ ಚಿಕ್ಕ ಭಾಗವನ್ನು ವಿಜ್ಞಾನದ ಕೋಣೆಗೆ ಎತ್ತಿಡಿ. ನಾಲ್ಕು ಅಡಿಯ ಗಾಜಿನ ತೊಟ್ಟಿ, ಮೀನು ಸಾಕುವವರು ಕೊಳ್ಳುವಂಥದ್ದೇ ಸಾಕು. ಮಕ್ಕಳ ಕೈಗೆ ಲೇಸರ್ ಬೇಡ, ಕಣ್ಣಿಗೆ ಅಪಾಯ. ರಟ್ಟಿನಲ್ಲಿ ಸೀಳು ಕೊಯ್ದು ಎಲ್‌ಇಡಿ ಟಾರ್ಚ್ ಹಿಡಿದರೆ ಬೆಳಕಿನ ಹಾಳೆ ಸಿಗುತ್ತದೆ. ಕ್ಯಾಮೆರಾಕ್ಕೆ ನಮ್ಮ ಫೋನಿನ ಸ್ಲೋ ಮೋಷನ್ ಇದೆ. ಬಾಣ ಬಿಡಿಸುವ ಓಪನ್‌ಪಿಐವಿ ಎಂಬ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಯಾರ ಅಪ್ಪಣೆಯೂ ಬೇಡ.

ವಿಜ್ಞಾನದ ಮೇಡಂ ಜೊತೆ ಮಾತಾಡಿದ್ದೇನೆ. ದಸರಾ ರಜೆ ಮುಗಿದ ಮೇಲೆ ಒಂದು ಶನಿವಾರ ಬೆಳಗಿನ ಶಾಲೆಗೆ ಬರುತ್ತೇನೆ, ತೊಟ್ಟಿ ಜೋಡಿಸೋಣ. ಒಂಬತ್ತನೆಯ ತರಗತಿಯವರು ಒಂದು ಬಾಟಲಿ ನೀಲಿ ಇಂಕು ತಂದಿಡಿ.