ಹಳೆ ಲೆನ್ಸು ಕೇಳುವ ದೂರ

ಮಕ್ಕಳೇ, ಮನೆಯಲ್ಲಿ ಭೂತಗನ್ನಡಿ ಇದೆಯೇ? ಕಿಟಕಿಯ ಎದುರುಗೋಡೆಯ ಹತ್ತಿರ ಅದನ್ನು ಹಿಡಿದು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಸೂರ್ಯನ ಕಡೆಗೆ ಮಾತ್ರ ಬೇಡ! ಒಂದು ಜಾಗಕ್ಕೆ ಬಂದಾಗ ಹೊರಗಿನ ಮರ, ಮನೆ, ಆಕಾಶ ಎಲ್ಲವೂ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಕೊಂಚ ಅತ್ತಿತ್ತಲಾದರೂ ಚಿತ್ರ ಮಸುಕು. ಗಾಜಿಗೂ ಗೋಡೆಗೂ ನಡುವಿನ ಆ ದೂರವೇ ಕ್ಯಾಮೆರಾದ ಜೀವಾಳ.

ಕ್ಯಾಮೆರಾದ ಹಳೆ ಲೆನ್ಸಿಗೂ ಇಂಥ ದೂರವೊಂದು ಬೇಕು. ಅಂಥ ಒಂದು ಲೆನ್ಸನ್ನು ನೋಡೋಣ. ಸಿಡ್ನಿಯಲ್ಲಿ 1947ರಲ್ಲಿ ಜಾಕ್ ಹ್ಯಾನೆಸ್ ಎಂಬವರು ಹ್ಯಾನಿಮೆಕ್ಸ್ ಕಂಪನಿ ಶುರುಮಾಡಿದರು. ಬೇರೆ ದೇಶಗಳಲ್ಲಿ ತಯಾರಾದ ಲೆನ್ಸುಗಳು ಈ ಕಂಪನಿಯ ಹೆಸರು ಹೊತ್ತು ಆಸ್ಟ್ರೇಲಿಯಾದ ಮನೆಮನೆಗೆ ಹೋದವು. ಮೆಲ್ಬರ್ನಿನ ಕ್ಯಾಂಬರ್‌ವೆಲ್‌ನಲ್ಲಿ ಭಾನುವಾರ ನಡೆಯುವ ಹಳೆ ಸಾಮಾನಿನ ಸಂತೆಯಲ್ಲಿ ಅಂಥದ್ದೊಂದು ಇಂದಿಗೂ ಕಣ್ಣಿಗೆ ಬೀಳಬಹುದು. ಹಿಂಬದಿಯಲ್ಲಿ 42 ಮಿಲಿಮೀಟರ್ ಅಗಲದ ತಿರುಪು ಇದ್ದರೆ ಅದು ಬಹುಶಃ 'ಎಂ42' ಲೆನ್ಸು.

ಎಂ42 ಲೆನ್ಸು ಹಾಕುತ್ತಿದ್ದ ಆ ಕಾಲದ ಕ್ಯಾಮೆರಾದೊಳಗೆ ಫಿಲ್ಮಿನ ಮುಂದೆ ಒಂದು ಕನ್ನಡಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಅದಕ್ಕೆ ಜಾಗ ಬೇಕಲ್ಲ? ಹಾಗಾಗಿ ಲೆನ್ಸು ಕೂರುವ ಅಂಚಿನಿಂದ ಫಿಲ್ಮಿಗೆ 45.46 ಮಿ.ಮೀ. ದೂರ ಇಟ್ಟಿದ್ದರು. ಈಗಿನ ಕನ್ನಡಿಯಿಲ್ಲದ ಸೋನಿ ಕ್ಯಾಮೆರಾದಲ್ಲಿ ಅಂಚಿನಿಂದ ಫಿಲ್ಮಿನ ಬದಲಿಗಿರುವ ಸೆನ್ಸರಿಗೆ ಬರೀ 18 ಮಿ.ಮೀ. ಕಳೆದು ನೋಡಿ: 27.46. ಅಷ್ಟು ದಪ್ಪದ ಲೋಹದ ಬಳೆಯೊಂದನ್ನು ನಡುವೆ ಹಾಕಿದರೆ ಹಳೆ ಲೆನ್ಸಿಗೆ ತನ್ನ ದೂರ ಸಿಕ್ಕಿತು. ಇದೇ ಅಡಾಪ್ಟರ್. ಒಳಗೆ ಗಾಜಿಲ್ಲ, ಯಂತ್ರವಿಲ್ಲ, ಖಾಲಿ ಜಾಗ ಮಾತ್ರ. ನನಗಂತೂ ಇದು ತುಂಬ ಚೆಂದದ ಉಪಾಯ ಅನಿಸುತ್ತದೆ.

ಈ ಬಳೆಯ ಅಳತೆ ಎಷ್ಟು ನಾಜೂಕು ಗೊತ್ತೇ? 50 ಮಿ.ಮೀ. ಸಂಗಮದೂರದ ಲೆನ್ಸಿಗೆ ಬಳೆ ಬೇಕಾದದ್ದಕ್ಕಿಂತ 0.1 ಮಿ.ಮೀ. ಹೆಚ್ಚು ದಪ್ಪವಾಯಿತು ಎನ್ನೋಣ. 50ನ್ನು 50ರಿಂದ ಗುಣಿಸಿ 0.1ರಿಂದ ಭಾಗಿಸಿ. 25,000 ಮಿ.ಮೀ., ಅಂದರೆ 25 ಮೀಟರ್! ಅದಕ್ಕಿಂತ ದೂರದ್ದಕ್ಕೆ ಸರಿಯಾಗಿ ಫೋಕಸ್ ಮಾಡಲು ಆಗುವುದೇ ಇಲ್ಲ. ಗೆಳೆಯನ ಮುಖ ಸ್ಪಷ್ಟ, ಹಿಂದಿನ ಸಿಡ್ನಿ ಹಾರ್ಬರ್ ಸೇತುವೆ ಎಷ್ಟು ತಿರುಗಿಸಿದರೂ ಮಸುಕು. ಬಳೆ ತುಸು ತೆಳ್ಳಗಿದ್ದರೆ ಅಷ್ಟು ತೊಂದರೆಯಿಲ್ಲ. ಸೇತುವೆಗೆ ಫೋಕಸ್ ಸಿಗುತ್ತದೆ, ಲೆನ್ಸಿನ ಫೋಕಸ್ ಉಂಗುರದ ಮೇಲೆ ಬರೆದ ದೂರದ ಅಂಕಿಗಳನ್ನು ಮಾತ್ರ ನಂಬುವಂತಿಲ್ಲ.

ಅದಲುಬದಲು ಮಾಡಿ, ಹೊಸ ಲೆನ್ಸನ್ನು ಹಳೆ ಕ್ಯಾಮೆರಾಕ್ಕೆ ಹಾಕಬಹುದೇ? ಅದರ ಅಂಚು ಫಿಲ್ಮಿನಿಂದ 18 ಮಿ.ಮೀ. ದೂರದಷ್ಟು ಹತ್ತಿರ ಬರಬೇಕು, ಕನ್ನಡಿ ಬಿಡುವುದಿಲ್ಲ. ಬಳೆ ದೂರವನ್ನು ಹೆಚ್ಚಿಸಬಲ್ಲದು, ಕಡಿಮೆ ಮಾಡಲಾರದು.

ಜೋಡಿಸಿದ ಮೇಲೂ ಲೆನ್ಸಿಗೆ ಕ್ಯಾಮೆರಾದ ಜೊತೆ ಮಾತಿಲ್ಲ, ವಿದ್ಯುತ್ ಸಂಪರ್ಕವೇ ಇಲ್ಲವಲ್ಲ. ಕ್ಯಾಮೆರಾ ತನಗೆ ಲೆನ್ಸೇ ಹಾಕಿಲ್ಲ ಎಂದುಕೊಳ್ಳುತ್ತದೆ! ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಚಿತ್ರ ತೆಗೆ' ಎಂಬ ಆಯ್ಕೆಯನ್ನು ಒತ್ತಿ, ಆಮೇಲೆ ಉಂಗುರವನ್ನು ನೀವೇ ತಿರುಗಿಸುತ್ತ ಪರದೆಯ ಮೇಲೆ ಚಿತ್ರ ತಿಳಿಯಾಗುವುದನ್ನು ನೋಡಿ.